ಇಸ್ತ್ರಿಯವನ ಕೈಗುಣ

ಶಾಖಕ್ಕೆ ಬಗ್ಗದ್ದು ಲೋಕದಲ್ಲಿ ಯಾವುದೂ ಇಲ್ಲ ಎಂಬುದು ಇಸ್ತ್ರಿಯವನ ಹುಚ್ಚು ನಂಬಿಕೆ. ಸೊಂಟ ಹಿಡಿದರೂ ಶಾಖ, ಕತ್ತು ಉಳುಕಿದರೂ ಶಾಖ. ಹೆಂಡತಿ ಹೊಟ್ಟೆ ಹಿಡಿದುಕೊಂಡು ಅಂಗಡಿಯ ಮೂಲೆಯಲ್ಲಿ ಮುದುಡಿ ಮಲಗಿದಾಗಲೂ ಮಾಡಿದ್ದು ಅದನ್ನೇ. ಹಳೆಯ ಟವೆಲನ್ನು ಮಡಿಸಿ, ಇಸ್ತ್ರಿಪೆಟ್ಟಿಗೆಯಿಂದ ಉಜ್ಜಿ, ತನ್ನ ಕೆನ್ನೆಗೆ ತಾಗಿಸಿ ಹದ ನೋಡಿ, ಅವಳ ಬಲಗಡೆಯ ಕಿಬ್ಬೊಟ್ಟೆಯ ಮೇಲಿಟ್ಟ.

"ಭಾವ, ಹೊಕ್ಕಳ ಹತ್ರ ಇದ್ದ ನೋವು ಕೆಳಗಿಳಿದು ಒಂದೇ ಕಡೆ ಕೂತಿದೆ. ವಾಂತಿ ಬೇರೆ. ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ," ಎಂದಳು ನಾದಿನಿ.

"ನೀನು ಸುಮ್ನೆ ಮೂಗು ತೂರಿಸ್ಬೇಡಮ್ಮ. ವಾಯು ಅದು. ಬೆಳಗಾಗೋದ್ರೊಳಗೆ ಹೇಳದೆ ಕೇಳದೆ ಓಡಿಹೋಗುತ್ತೆ ನೋಡು."

ಬೆಳಿಗ್ಗೆ ನೋವು ನಿಜಕ್ಕೂ ನಿಂತಿತ್ತು. ಅವನು ಹಿಗ್ಗಿ ಹೀರೇಕಾಯಿಯಾದ. "ಇನ್ಮೇಲೆ ನನ್ನನ್ನ ಡಾಕ್ಟ್ರೇ ಅಂತ ಕರಿ," ಎಂದು ನಾದಿನಿಯನ್ನು ಕೆಣಕಿದ. "ನಿಮ್ಮ ಕೈಗುಣ ಕಣ್ರೀ," ಎಂದು ಹೆಂಡತಿಯೂ ಸೋತ ಮುಖದಲ್ಲೇ ನಕ್ಕಳು.

ಗಂಡಸಿನ ಹಿಗ್ಗಿಗೆ ಹೊತ್ತುಗೊತ್ತು ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಮೈ ಕೆಂಡವಾಗಿ, ಚಳಿಗೆ ಹಲ್ಲು ಕಟಕಟ ಎನ್ನತೊಡಗಿತು. ಮತ್ತೆ ಶಾಖ ಇಡಲೆಂದು ಹೊಟ್ಟೆ ಮುಟ್ಟಿದರೆ ಚೀರಿದಳು. ಹೊಟ್ಟೆ ಇಸ್ತ್ರಿಯ ಹಲಗೆಯಷ್ಟೇ ಗಟ್ಟಿ! ಅವಳನ್ನೆತ್ತಿಕೊಂಡು ಬೀದಿಗೆ ಓಡಿದ. ಮೇಜಿನ ಮೇಲೆ ಯಾರದೋ ಅಂಗಿ ಕರಕಲಾಗುತ್ತಿತ್ತು. ನಾದಿನಿ ಸ್ವಿಚ್ ಆರಿಸಿ ಹಿಂದೆಯೇ ಓಡಿದಳು.

"ನೋವು ಯಾವಾಗ ನಿಂತಿದ್ದು?" ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು.

"ಬೆಳಿಗ್ಗೆ ಪೂರ್ತಿ ವಾಸಿಯಾಗಿತ್ತು ಮೇಡಂ."

"ವಾಸಿಯಾಗಿದ್ದಲ್ಲ. ಬಾತುಕೊಂಡಿದ್ದ ಅಪೆಂಡಿಕ್ಸ್ ಒಡೆದಿದೆ, ಅದಕ್ಕೇ ಸ್ವಲ್ಪ ಹೊತ್ತು ನೋವು ಕಮ್ಮಿ ಆಗಿದ್ದು. ಈಗ ಕೀವು ಹೊಟ್ಟೆಯೆಲ್ಲ ಹರಡಿದೆ, ನಂಜು ರಕ್ತಕ್ಕೇರಿದೆ. ತಕ್ಷಣ ಆಪರೇಷನ್ ಆಗ್ಬೇಕು."

"ನಾನು ಶಾಖ ಕೊಟ್ಟೆ... ಅದರಿಂದಾನಾ?"

"ಅದರಿಂದಾನೇ ಅಂತ ಹೇಳಕ್ಕಾಗಲ್ಲ. ಆದ್ರೆ ಕೊಡಬಾರದಿತ್ತು. ನಿನ್ನೇನೇ ಕರ್ಕೊಂಡು ಬರಬೇಕಿತ್ತು."

ಬೈದಿದ್ದರೂ ಚೆನ್ನಾಗಿತ್ತು. ನಾದಿನಿಯಾದರೂ ಬೈಯಬಾರದೇ? ಅವಳು ಪಕ್ಕದಲ್ಲಿ ಕೂತು ಅಳುತ್ತಿದ್ದಳು, ಅಷ್ಟೇ.

ಆಪರೇಷನ್ನೇನೋ ಆಯಿತು, ನಂಜು ಇಳಿಯಲಿಲ್ಲ. ಮೂತ್ರ ಕಟ್ಟಿತು, ರಕ್ತದ ಒತ್ತಡ ಬೀಳುತ್ತಲೇ ಇತ್ತು. "ಕಿಡ್ನಿಗೂ ಏಟು ಬಿದ್ದಿದೆ. ಒಂದ್ಸಲ ನೋಡ್ಕೊಂಡು ಬನ್ನಿ," ಎಂದರು ಡಾಕ್ಟರಮ್ಮ. ಆ 'ಒಂದ್ಸಲ' ಅಂದರೇನೆಂದು ಅವನಿಗೆ ಅರ್ಥವಾಯಿತು; ಒಳಗೆ ಹೋದ.

ಅವಳು ಕಣ್ಣು ಬಿಟ್ಟು ಅವನನ್ನು ಗುರುತಿಸಿದಳು.

"ರೀ, ಚಳಿ... ಆ ಟವೆಲ್ ಬಿಸಿ ಮಾಡಿ ಇಡ್ರೀ. ಅವತ್ತು ಎಷ್ಟು ಹಾಯಾಗಿತ್ತು. ಇವರಿಗೆಲ್ಲ ಎಲ್ಲಿದೆ ನಿಮ್ಮ ಕೈಗುಣ?"

ತಪ್ಪು ನನ್ನದು ಎಂದು ಹೇಳಿಬಿಡಬೇಕೆನ್ನಿಸಿತು. ಯಾವ ಬಾಯಿಂದ ಹೇಳುವುದು? "ತರ್ತೀನಿ ಕಣೇ," ಎಂದ. ಅವಳು ನಂಬಿ ಕಣ್ಣು ಮುಚ್ಚಿಕೊಂಡಳು. ಹಿಡಿದುಕೊಳ್ಳಲಿ ಎಂಬಂತೆ ಅವಳ ಕೈ ಹಾಸಿಗೆಯ ಅಂಚಿಗೆ ಸರಿದು ಬಂದಿತ್ತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟಲು ಹೆದರಿ, ಅಲ್ಲೇ ನಿಂತ.