ಕೋಟಿನ ಎರಡನೆಯ ಗುಂಡಿ

ಮಕ್ಕಳ ಇಲಾಖೆಯ ಕಚೇರಿಯ ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಅನ್ನುತ್ತಿದೆ, ಎಣ್ಣೆ ಕಂಡು ಯಾವ ಕಾಲವಾಯಿತೋ, ಟಕ್, ಆ ಸದ್ದಿಗೆ ಸರಿಯಾಗಿ ಪಕ್ಕದಲ್ಲಿ ಕೂತ ಮಗು ಬುಗುರಿಯ ಕಾಲು ಬೆಂಚಿಗೆ ಬಡಿಯುತ್ತಿದೆ, ಹೊಸ ಚಪ್ಪಲಿ, ಹಿಮ್ಮಡಿಯ ಹತ್ತಿರ ಕಚ್ಚಬಹುದು, ಕಚ್ಚಲಿ, ಇನ್ನು ನೋಡಿಕೊಳ್ಳುವವರು ಬೇರೆ ಇದ್ದಾರಲ್ಲ — ಇಸ್ತ್ರಿಯಮ್ಮ ಬಲಗೈಯನ್ನು ಕೋಟಿನ ಜೇಬಿನೊಳಗೆ ಇನ್ನಷ್ಟು ತಳ್ಳಿದಳು, ಗುಂಡಿ ಅಲ್ಲೇ ಇದೆ, ಕಂದು ಬಣ್ಣದ ದಪ್ಪ ಗುಂಡಿ, ಬೆಳಿಗ್ಗೆ ತಾನೇ ಈ ಕೋಟಿನಿಂದ ಕತ್ತರಿಸಿ ತೆಗೆದದ್ದು. ಒಂದೇ ಸಲಕ್ಕೆ ದಾರ ತುಂಡಾಯಿತು. ಆಗದೆ ಏನು, ಲಾಂಡ್ರಿಯಲ್ಲಿ ಊರವರ ಗುಂಡಿಗಳನ್ನೆಲ್ಲ ಕಾಪಾಡಿಕೊಂಡು ಬಂದ ಕೈ ಅದು, ದುಬಾರಿ ಬಟ್ಟೆ ಯಂತ್ರಕ್ಕೆ ಬೀಳುವ ಮೊದಲು ಒಂದೊಂದು ಗುಂಡಿಗೂ ಬೆಳ್ಳಿ ಕಾಗದ ಸುತ್ತಬೇಕು, ಇಲ್ಲದಿದ್ದರೆ ಚೂರಾಗುತ್ತದೆ, ಮಾಲೀಕ ನಗುತ್ತಿದ್ದ, ಏನಮ್ಮಾ, ಗುಂಡಿಗೆಲ್ಲ ಕುಲಾವಿ ಹಾಕ್ತಿದ್ದೀಯಾ, ಹಾಗೇ ಒಂದು ಜೋಗುಳಾನೂ ಹಾಡಿಬಿಡು. ಜೋಗುಳ. ಆ ಮಗು ಜೋಗುಳಕ್ಕೆಲ್ಲ ಬಗ್ಗುವ ಜಾತಿಯದಲ್ಲ, ಬಂದ ದಿನವೇ ಗೊತ್ತಾಗಿತ್ತು, ಕತ್ತು ನಿಲ್ಲದ ಕೂಸು, ಆಸ್ಪತ್ರೆಯ ಹಾಸಿನಲ್ಲಿ ಸುತ್ತಿ ಇಲ್ಲಿನ ಕನ್ನಡಕದ ಅಧಿಕಾರಿ ತಂದು ಕೈಗಿಟ್ಟಾಗ ಗಂಟಲು ಬಿದ್ದುಹೋಗುವಷ್ಟು ಅಳು, ತಾಯಿ ಹೋಗಿಬಿಟ್ಲಮ್ಮ, ಸಂಬಂಧಿಕರು ಸಿಗೋವರೆಗೂ ನೀವೇ ಸಾಕ್ಬೇಕು, ಇಸ್ತ್ರಿಯಮ್ಮನಿಗೆ ಕೆಲಸದ ಕೋಟು ಬಿಚ್ಚುವಷ್ಟು ಪುರುಸೊತ್ತೂ ಇರಲಿಲ್ಲ, ಹಾಗೇ ಎದೆಗೆ ಒತ್ತಿಕೊಂಡು ಅಡುಗೆಮನೆಯ ತುಂಬ ತಿರುಗಿದಳು, ಆಗ ಆ ಹೆಬ್ಬೆರಳು ಎಲ್ಲಿಂದಲೋ ತಡಕಾಡಿಕೊಂಡು ಬಂದು ಎರಡನೆಯ ಗುಂಡಿಯ ಮೇಲೆ ಕೂತಿತು, ಸುತ್ತಿತು, ಸುತ್ತುತ್ತಲೇ ಇತ್ತು, ಗುಂಡಿಯ ಅಂಚು ಹಿಡಿದು ಮೆಲ್ಲಗೆ, ಅಳು ನಿಂತಿತು, ನಿದ್ದೆ.

ಅವತ್ತಿನಿಂದ ಅದೇ, ಕೋಟು ಇಲ್ಲದೆ ನಿದ್ದೆ ಇಲ್ಲ. ಒಮ್ಮೆ ಕೋಟು ಒಗೆಯಲು ಹಾಕಿದ್ದಕ್ಕೆ ಅತ್ತು ಅತ್ತು ವಾಂತಿ ಮಾಡಿಕೊಂಡಿತು, ಕೊನೆಗೆ ಒದ್ದೆ ಕೋಟನ್ನೇ ತೊಟ್ಟು ಕೂತದ್ದು, ಮೂಗು ಸೋರಿಸಿಕೊಂಡು ಕೆಲಸಕ್ಕೆ ಹೋದದ್ದು. ಸುಮ್ಮನೆ ಸಾಕಿದ್ದಲ್ಲ. ಕನ್ನಡಕದವಳು ಇಲ್ಲೇ, ಇದೇ ಮೇಜಿನ ಮೇಲೆ ಫೋನಿಟ್ಟು ಧ್ವನಿ ಜೋರು ಮಾಡಿದ್ದಳು, ಅತ್ತಲಿಂದ ಗಡಿಯಾಚೆ ಪಕ್ಕದ ರಾಜ್ಯದಲ್ಲಿರುವ ದೊಡ್ಡಮ್ಮ, ಸತ್ತವಳ ಸ್ವಂತ ಅಕ್ಕ, ಆ ಧ್ವನಿ ಈಗಲೂ ಕಿವಿಯಲ್ಲಿ ಮೊಳೆ ಹೊಡೆದ ಹಾಗಿದೆ, ನನ್ನನ್ನ ಯಾಕೆ ಕೇಳ್ತೀರಿ, ನನಗೆ ತಂಗೀನೇ ಇಲ್ಲ, ಹಾಗಂತಲೇ ಬರ್ಕೊಳ್ಳಿ. ಕೂಸು ಮಡಿಲಲ್ಲೇ ಇತ್ತು, ಹೆಬ್ಬೆರಳು ಸುತ್ತುತ್ತಿತ್ತು. ಈಗ ಅದೇ ಕೂಸು ನಡೆಯುತ್ತದೆ, ಮನೆಯಿಡೀ ಗಿರಗಿರ ತಿರುಗಿ ಬುಗುರಿ ಅನ್ನಿಸಿಕೊಂಡಿದೆ, ಇಸ್ತ್ರಿಯಮ್ಮ ಅನ್ನಲು ಬಾರದೆ ಇತ್ತಮ್ಮಾ ಅಂತ ತೊದಲುತ್ತದೆ, ಕಷ್ಟದ ಕಾಲವೆಲ್ಲ ಕಳೆದಿದೆ, ಈಗ ದೊಡ್ಡಮ್ಮನಿಗೆ ತಂಗಿ ಇದ್ದದ್ದು ನೆನಪಾಗಿದೆ. ಕೊಡಬೇಡಿ ಮೇಡಂ, ನಾನೇ ಇಟ್ಕೊಳ್ತೀನಿ, ಅಂದರೆ ಕನ್ನಡಕ ಒರೆಸಿಕೊಂಡು, ರಕ್ತ ಸಂಬಂಧ ಇದ್ರೆ ಅವರಿಗೇ ಮೊದಲು, ಅಲ್ಲಿನ ಇಲಾಖೆಯವರು ಹೋಗಿ ಅವರ ಮನೆ ನೋಡಿ ಬಂದಾಯ್ತು, ಕಿಟಕಿಗೆ ಸರಳಿದೆ, ಮೆಟ್ಟಿಲಿಗೆ ತಡೆ ಇದೆ, ಎರಡೂ ರಾಜ್ಯದವರು ಒಪ್ಪಿದ ಮೇಲೆ ನಾನೇನು ಮಾಡ್ಲಿ ಹೇಳಿ. ಕಿಟಕಿ ನೋಡಿದರಂತೆ. ಮನುಷ್ಯರನ್ನು ನೋಡಲಿಲ್ಲ. ಆ ದೊಡ್ಡಮ್ಮ ಮಗು ನೋಡಲು ಮನೆಗೆ ಬಂದವಳು ಹಾಸಿಗೆ ಒತ್ತಿ ನೋಡಿ, ಗೋಡೆ ನೋಡಿ, ಒಲೆಯ ಹತ್ತಿರ ನಿಂತ ತನಗೆ ಕೇಳಿಸುವುದಿಲ್ಲ ಅಂದುಕೊಂಡು ಕನ್ನಡಕದವಳಿಗೆ ಹೇಳಿದ್ದು, ಸಂಬಳಕ್ಕೆ ಸಾಕೋರಿಗೇನು, ಇದು ಹೋದ್ರೆ ಇನ್ನೊಂದು ಬರುತ್ತೆ. ಹಾಲು ಉಕ್ಕಿ ಒಲೆ ಆರಿತ್ತು. ಇದು ಹೋದರೆ ಇನ್ನೊಂದು. ಆಗಲಿ ತಾಯಿ, ಕರೆದುಕೊಂಡು ಹೋಗು, ಸರಳು ಹಾಕಿದ ಕಿಟಕಿಯ ಪಕ್ಕ ಮಲಗಿಸು, ಹಾಲು ಕೊಡು, ಹೆಗಲ ಮೇಲೆ ಹಾಕಿಕೊಂಡು ತಿರುಗು, ರಕ್ತಕ್ಕೆ ಹೇಳು ಮಲಗಿಸು ಅಂತ, ನೋಡೋಣ, ಕಣ್ಣು ಕೆಂಡವಾಗಲಿ, ಅಕ್ಕಪಕ್ಕದವರು ಬಾಗಿಲು ಬಡಿಯಲಿ, ನಮ್ಮ ಕೈಲಿ ಆಗಲ್ಲ ಅಂತ ನೀನೇ ವಾಪಸ್ ಎತ್ತಿಕೊಂಡು ಬಂದು ಇದೇ ಬೆಂಚಿನ ಮುಂದೆ ನಿಲ್ಲು. ಜೇಬಿನಲ್ಲಿ ಬೆರಳು ಗುಂಡಿಯನ್ನು ಸುತ್ತುತ್ತಿದೆ, ತನ್ನದೇ ಬೆರಳು, ಯಾವಾಗ ಶುರುವಾಯಿತೋ.

ಬಾಗಿಲು ಕಿರ್ ಅಂದಿತು. ಬಂದಳು ದೊಡ್ಡಮ್ಮ, ಕೈಯಲ್ಲಿ ಒಂದು ಜೊತೆ ಪುಟ್ಟ ಕಾಲುಚೀಲ, ನೋಡಿದರೇ ಗೊತ್ತಾಗುತ್ತದೆ ಬುಗುರಿಯ ಕಾಲಿಗೆ ಅದು ಹೋದ ವರ್ಷವೇ ಚಿಕ್ಕದಾಗುತ್ತಿತ್ತು, ಅಳತೆಯೂ ಗೊತ್ತಿಲ್ಲದ ರಕ್ತ. ಕನ್ನಡಕದವಳು ಕುರ್ಚಿ ಎಳೆದು ಇಬ್ಬರನ್ನೂ ಎದುರುಬದುರು ಕೂರಿಸಿದಳು, ಒಪ್ಪಿಸುವ ಮೊದಲು ಇಲ್ಲಿ ಇದೊಂದು ರೂಢಿ, ಸಾಕಿದವಳು ಕರೆದೊಯ್ಯುವವಳಿಗೆ ಮಗುವಿನ ಅಭ್ಯಾಸಗಳನ್ನೆಲ್ಲ ಬಾಯಲ್ಲೇ ಹೇಳಿಕೊಡಬೇಕು, ನಿಧಾನಕ್ಕೆ ಹೇಳಿ, ಗಾಡಿ ಕಾಯುತ್ತೆ. ದೊಡ್ಡಮ್ಮ ತಲೆ ಎತ್ತಲಿಲ್ಲ. ಅವತ್ತು ಫೋನಲ್ಲಿ ಹಾಗಂದೆ, ಸಿಟ್ಟು, ಮನೆ ಬಿಟ್ಟು ಹೋದವಳು ಹಾಗೇ ಸತ್ತೂ ಹೋದ್ಲಲ್ಲ ಅನ್ನೋ ಸಿಟ್ಟು, ಆಮೇಲೆ ಒಂದು ದಿನಾನೂ ಸರಿಯಾಗಿ ನಿದ್ದೆ ಮಾಡಿಲ್ಲ, ನನಗೆ ಮಕ್ಕಳನ್ನ ಎತ್ತಿ ಗೊತ್ತಿಲ್ಲಕ್ಕಾ, ನೀವೇ ಹೇಳಿಕೊಡಿ. ಅಕ್ಕಾ. ಈಗ ಅಕ್ಕ, ಅವತ್ತು ಸಂಬಳದವಳು. ಕರಗಬೇಡ, ಇಂಥ ಮಾತಿಗೆಲ್ಲ ಕರಗಿದರೆ ನೀನು ಬೆಣ್ಣೆ — ಹೇಳಿದಳು, ಒಂದನ್ನೂ ಬಿಡದೆ ಹೇಳಿದಳು, ಅನ್ನ ಮೆತ್ತಗಿರಬೇಕು, ಸೋಪಿನ ನೊರೆ ಕಂಡ್ರೆ ಹೆದರ್ತಾಳೆ, ಮೊದಲು ಬೆನ್ನಿಗೆ ಹಾಕಿ, ನಾಯಿ ಅಂದ್ರೆ ಪ್ರಾಣ, ಎಡಗಿವಿ ಮುಟ್ಟಿಕೊಂಡ್ರೆ ಜ್ವರ ಬರುತ್ತೆ ಅಂತ ಅರ್ಥ. ದೊಡ್ಡಮ್ಮ ಶಾಲೆಯ ಹುಡುಗಿಯ ಹಾಗೆ ತುಟಿ ಅಲ್ಲಾಡಿಸಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು, ಮೆತ್ತಗೆ, ಬೆನ್ನಿಗೆ, ಎಡಗಿವಿ. ನಿದ್ದೆ ಹೇಗಕ್ಕಾ.

ಟಕ್, ಅಂದಿತು ಫ್ಯಾನು.

ನಿದ್ದೆದೊಂದು ತಾಪತ್ರಯ ಇಲ್ಲ, ತಾನಾಗೇ ಮಲಗ್ತಾಳೆ.

ಎಷ್ಟು ಸಲೀಸಾಗಿ ಬಂತು, ನಾಲಿಗೆಯ ಮೇಲೆ ಸಕ್ಕರೆ ಇಟ್ಟ ಹಾಗೆ. ಪುಣ್ಯ, ಅಂದಳು ದೊಡ್ಡಮ್ಮ, ಅದೇ ದೊಡ್ಡ ಭಯ ಇತ್ತು ನನಗೆ. ಕನ್ನಡಕದವಳು, ನಿಮ್ಮ ವಾಸನೆ ಇರೋ ಬಟ್ಟೆ ಏನಾದ್ರೂ ಜೊತೇಲಿ ಕಳಿಸಿದ್ರೆ ಒಳ್ಳೇದು, ಅಂದದ್ದೇ ತಡ ಇಸ್ತ್ರಿಯಮ್ಮ ಎದ್ದು ನಿಂತು ಕೋಟನ್ನೇ ಬಿಚ್ಚಿ ಕೊಟ್ಟಳು, ಇದನ್ನೇ ತಗೊಳ್ಳಿ. ಜೇಬಿನಿಂದ ಗುಂಡಿ ಮುಷ್ಟಿಗೆ ಬಂದದ್ದನ್ನು ಯಾರು ನೋಡುತ್ತಾರೆ. ಎಷ್ಟು ದೊಡ್ಡ ಮನಸ್ಸು ನಿಮ್ಮದು, ಅಂದಳು ಕನ್ನಡಕದವಳು, ದೊಡ್ಡಮ್ಮ ಕೈ ಮುಗಿದಳು, ಕಣ್ಣು ತುಂಬಿಕೊಂಡಳು, ಅಳು, ಇದಿನ್ನೂ ಪೀಠಿಕೆ, ಮುಂದಿದೆ ನೋಡು ಕಥೆ.

ಹೊರಗೆ ಬಿಸಿಲು. ದೊಡ್ಡಮ್ಮ ಬುಗುರಿಯನ್ನು ಕೋಟಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದಾಳೆ, ಎತ್ತಿಕೊಳ್ಳಲು ಬರುವುದಿಲ್ಲ, ಕತ್ತು ಒಂದು ಕಡೆ ವಾಲಿದೆ, ಬೆಳಿಗ್ಗೆ ಬೇಗ ಎದ್ದ ಮಗು, ಕಣ್ಣು ಎಳೆಯುತ್ತಿದೆ — ಕೈ ಬಂತು, ಹೆಬ್ಬೆರಳು, ಕೋಟಿನ ಮೇಲೆ ತಡಕಾಡಿಕೊಂಡು, ದಾರಿ ಗೊತ್ತಿರುವ ಹಾಗೆ ಮೊದಲನೆಯ ಗುಂಡಿ ದಾಟಿ ಕೆಳಗೆ ಬಂತು, ನಿಂತಿತು. ಅಲ್ಲಿ ದಾರದ ಎರಡು ತುದಿಗಳಿವೆ. ಈಗ ಅಳುತ್ತಾಳೆ, ಅಳಲಿ, ಈಗಲೇ ಅಳಲಿ, ಎಲ್ಲರೂ ನೋಡಲಿ. ಅಳಲಿಲ್ಲ. ಹೆಗಲ ಮೇಲಿಂದ ಇತ್ತಮ್ಮನನ್ನು ನೋಡಿದಳು, ಸುಮ್ಮನೆ, ನೀನು ಇಟ್ಟದ್ದು ಎಲ್ಲಿಗೆ ಹೋಗುತ್ತದೆ, ಇಲ್ಲೇ ಇರುತ್ತದೆ ಅನ್ನುವ ಹಾಗೆ, ಮತ್ತೆ ಹುಡುಕಿದಳು. ಕಾರಿನ ಬಾಗಿಲು ತೆರೆಯಿತು. ಮುಷ್ಟಿಯಲ್ಲಿ ಗುಂಡಿ ಅಂಗೈಯನ್ನು ಕಚ್ಚುತ್ತಿದೆ, ಓಡಿದರೆ ಗೇಟಿನ ಹತ್ತಿರ ಸಿಗುತ್ತಾರೆ, ಕೂಗಿದರೂ ಸಾಕು, ಗುಂಡಿ ಬಿದ್ದಿತ್ತು ಅಂದರಾಯಿತು, ಯಾರಿಗೆ ಗೊತ್ತಾಗುತ್ತದೆ, ಆದರೆ ಕೊಡುವುದು ಯಾರಿಗೆ, ಇದು ಹೋದರೆ ಇನ್ನೊಂದು ಅಂದವಳಿಗೆ, ತಂಗೀನೇ ಇಲ್ಲ ಅಂದವಳಿಗೆ, ನನಗೆ ಗೊತ್ತಿಲ್ಲಕ್ಕಾ ಅಂದವಳಿಗೆ, ಓಡು, ಕಾಲು ಏಳುತ್ತಿಲ್ಲ, ಗಾಜು ಮೇಲೇರುತ್ತಿದೆ, ಗಾಜಿನ ಹಿಂದೆ ಹೆಬ್ಬೆರಳು, ಗುಂಡಿ ಇದ್ದ ಜಾಗದಲ್ಲಿ, ದಾರದ ತುದಿಯ ಮೇಲೆ, ಮೆಲ್ಲಗೆ, ಸುತ್ತುತ್ತಿದೆ, ಹೆಬ್ಬೆರಳು, ಸುತ್ತುತ್ತಿದೆ