ಅಕ್ಷರದ ಸಣ್ಣತನ

ಬಟಾಣಿ ಸುಲಿದು ಮುಗಿದಿತ್ತು, ಆದರೂ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತ ಇಲ್ಲದ ಕಾಳನ್ನು ಉರುಳಿಸುತ್ತಲೇ ಇತ್ತು, ಅಮ್ಮಾ ಇನ್ನೆಷ್ಟು ಬಚ್ಚಿಟ್ಟಿದ್ದೀಯ ಕೈಯಲ್ಲಿ, ಮಗಳು ನಗುತ್ತ ಬುಟ್ಟಿ ಎತ್ತಿಕೊಂಡು ಹೋದಳು, ತಾಯಿಗೂ ನಗು ಬರಬೇಕಿತ್ತು, ಬರಲಿಲ್ಲ — ನಗುವೂ ಈಗ ಮೆಟ್ಟಿಲಲ್ಲೇ ಕೂತುಬಿಡುತ್ತದೆ, ಕರೆದರೂ ಮೇಲೆ ಬಾರದು, ಸೋಮಾರಿತನವೋ ಕೊಬ್ಬೋ ಎಂದು ಎರಡು ವರ್ಷ ತನ್ನನ್ನೇ ಬೈದುಕೊಂಡದ್ದಾಯಿತು, ನಿನ್ನೆ ಡಾಕ್ಟರು ಮಿದುಳಿನ ಚಿತ್ರ ತೋರಿಸಿ, ನೋಡಿ ಅಜ್ಜಿ, ಈ ಬಿಳಿ ನಾರುಗಳೇ ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ಒಯ್ಯೋದು, ನಿಮ್ಮಲ್ಲಿ ಅಲ್ಲಲ್ಲಿ ನಂಟು ಸಡಿಲವಾಗಿದೆ, ಪಾರ್ಕಿನ್ಸನ್ ಅಂದ್ರೆ ಬರೀ ನಡುಕ ಅಲ್ಲ, ಈ ಮಂಕುತನಕ್ಕೂ ಅದಕ್ಕೂ ಸಂಬಂಧ ಇರಬಹುದು, ಅಕ್ಷರ ಸಣ್ಣದಾಗೋದಂತೂ ಅದರದ್ದೇ — ಅಕ್ಷರವೂ? ಅಕ್ಷರವೂ ಅಜ್ಜಿ — ಅಯ್ಯೋ ಅಕ್ಕಾ, ಆಗೆಲ್ಲ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸ ಮುಗಿಸಿ ಅಕ್ಕತಂಗಿ ಇಬ್ಬರೂ ರಾತ್ರಿ ಶಾಲೆಯ ಒಂದೇ ಬೆಂಚಿನಲ್ಲಿ, ಮಕ್ಕಳ ಅಳತೆಯ ಬೆಂಚು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು, ಮೂವತ್ತು ದಾಟಿದ ಮೇಲೆ ಅ ಆ, ಅಕ್ಕನ ಬೆರಳ ತುಂಬ ಸೂಜಿ ಚುಚ್ಚಿದ ಗುರುತು, ಮೇಲಿನ ಗೆರೆ ಮುಟ್ಟಿಸೇ, ನಿನ್ನ ಕ ನೋಡಿದ್ರೆ ಮೂರು ದಿನದಿಂದ ಉಣ್ಣದವಳ ಹಾಗಿದೆ ಎಂದಳು ಅಕ್ಕ, ಬಿದ್ದು ಬಿದ್ದು ನಕ್ಕಿದ್ದಕ್ಕೆ ಮೇಷ್ಟ್ರು ಇಬ್ಬರನ್ನೂ ಆಚೆ ನಿಲ್ಲಿಸಿದ್ದರು, ಮಕ್ಕಳ ತಾಯಂದಿರನ್ನು! ಆಚೆ ನಿಂತೂ ನಗು, ಅಕ್ಕ ದೂರ ಹೋದ ಮೇಲೆ ತಿಂಗಳಿಗೊಂದು ಕಾಗದ, ಫೋನಿದ್ದರೂ ಕಾಗದವೇ, ಕಲಿತದ್ದಕ್ಕೆ ತುಕ್ಕು ಹಿಡಿಯಬಾರದೆಂದು, ಆಮೇಲೆ ಅಕ್ಕನ ಕಣ್ಣು ಮಂಜಾಯಿತು, ದೊಡ್ಡದಾಗಿ ಬರಿಯೇ ಎಂದಳು, ಮೊದಲ ಸಾಲು ದುಂಡಗೇ ಇತ್ತು, ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲು, ಇವಳಿಗೆ ಗೊತ್ತೇ ಆಗಲಿಲ್ಲ, ಫೋನಿನಲ್ಲಿ ಅಕ್ಕ — ನನಗೆ ಕಾಣಲ್ಲ ಅಂತ ಗೊತ್ತಿದ್ದೂ ಬೇಕಂತಲೇ ಹೀಗೆ ಬರೆದೆಯಲ್ಲೇ, ಅಕ್ಷರದಲ್ಲೂ ಸಣ್ಣತನ ತೋರಿಸಿಬಿಟ್ಟೆ, ಇನ್ನು ಬರೀಬೇಡ ಹೋಗು — ಸಣ್ಣತನ, ಆ ಒಂದು ಮಾತಿಗೆ ಎರಡು ವರ್ಷ ಮಾತುಕತೆಯೇ ಇಲ್ಲ, ಶುರು ಮಾಡಿದ ಕಾಗದಗಳೆಲ್ಲ ಡ್ರಾಯರಿನಲ್ಲಿ, ಎಲ್ಲವೂ ಅಕ್ಕಾ ಎಂಬಲ್ಲಿಗೇ ನಿಂತವು, ಮಗಳೇ, ಎರಡು ಗೆರೆ ಪುಸ್ತಕ ಒಂದು ತಂದುಕೊಡೇ, ಯಾವ ಮಗುವಿಗಮ್ಮಾ? ನನಗೇ ಕಣೇ — ಗೆರೆ ಕಂಡರೆ ಕೈ ಇನ್ನೂ ಮಾತು ಕೇಳುತ್ತದೆ, ಅಕ್ಕಾ, ಸಣ್ಣದಾಗಿದ್ದು ಅಕ್ಷರ, ನಾನಲ್ಲ, ಅದು ಕಾಯಿಲೆಯಂತೆ, ಸಿಟ್ಟಲ್ಲ, ನಾಲ್ಕು ಮಾತಿಗೆ ಒಂದು ಪುಟ, ನಾಲ್ಕು ಪುಟಕ್ಕೆ ಒಂದು ಮಧ್ಯಾಹ್ನ, ಈಗ ಅಂಚೆ ಡಬ್ಬಿಯ ಬಾಯಿಗೆ ಕೈ ಹಾಕಿ ನಿಂತಿದ್ದಾಳೆ, ಬಿಡು ಅಂದರೆ ಬೆರಳು ಬಿಡುತ್ತಿಲ್ಲ, ಹಿಂದೆ ಯಾರೋ, ಅಜ್ಜಿ, ಹಾಕ್ತೀರೋ ಇಲ್ವೋ, ತಾಳಪ್ಪ, ಹೇಳಿ ಕಳಿಸಿದ್ದೀನಿ, ಇನ್ನೂ ಬೆರಳಿಗೆ ತಲುಪಿಲ್ಲ — ಒಳಗೆ ಕಾಗದ ಬಿದ್ದ ಸದ್ದು, ಡಬ್ಬಿಯ ಕತ್ತಲಲ್ಲಿ ಅಂಗೈ ಬಿಚ್ಚಿಕೊಂಡೇ ಇತ್ತು, ಖಾಲಿ