ಅರ್ಧಕ್ಕೆ ಬಿಟ್ಟವರು

ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗುವುದೆಂದರೆ ಏನೆಂಬುದು ಪುಟ್ಟಿಗೆ ಮೊದಲ ವಾರದಲ್ಲೇ ಗೊತ್ತಾಗಿಹೋಗಿತ್ತು. ಮನೆಯಲ್ಲಿ ಮಾತ್ರ ಅವಳು ಪುಟ್ಟಿ; ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಎಲ್ಲರಿಗೂ ಮೇಡಂ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಪಾರ್ಶ್ವವಾಯು ಬಡಿದವರ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಎರಡು ಕಂಬಿಗಳ ನಡುವೆ ನಿಲ್ಲಿಸಿ, "ಹಾಂ, ಇನ್ನೊಂದು ಹೆಜ್ಜೆ" ಎಂದು ನಡೆಸುವುದು. ಅಲ್ಲಿಂದ ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಓಡುವುದು. ಅಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಕೊನೆಯ ಬೆಂಚಿನಲ್ಲಿ, ತನ್ನ ಅರ್ಧ ವಯಸ್ಸಿನವರ ಮಧ್ಯೆ ಕುಳಿತು, ರಿಗ್ರೆಷನ್ ಪಾಠ ಕೇಳುತ್ತ ತೂಕಡಿಸದಿರಲು ತೊಡೆ ಚಿವುಟಿಕೊಳ್ಳುವುದು. ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥೆ ಆಗಬೇಕಾದರೆ ಸಂಶೋಧನೆಯ ಲೆಕ್ಕ ಗೊತ್ತಿರಬೇಕು, ಈ ಪದವಿ ಬೇಕೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಸೇರಿದ್ದಳು. ಈಗ ಮುಂದೆ ಹೋಗಲೂ ಆಗದು, ಹಿಂದೆ ಬರಲೂ ಆಗದು ಎಂಬಂತಾಗಿತ್ತು.

ಅವಳು ಸೇರಿದ ವರ್ಷವೇ ಅಪ್ಪನಿಗೂ ಪಾರ್ಶ್ವವಾಯು ಬಡಿಯಿತು. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ಬಲಗೈ, ಬಲಗಾಲು ಎರಡೂ ಬಿದ್ದವು. ಪುಣ್ಯಕ್ಕೆ ಮಾತು ಉಳಿಯಿತು. ಅಮ್ಮ ಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅಣ್ಣ, ಅಕ್ಕ, ಪುಟ್ಟಿ. ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ ಹಟಮಾರಿ. ಅಕ್ಕ ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಅಪ್ಪನನ್ನು ನೋಡಿಕೊಳ್ಳಲು ನಿಂತಳು. ನಿಂತವಳು ಆಮೇಲೆ ಕೂತದ್ದನ್ನೇ ಯಾರೂ ನೋಡಲಿಲ್ಲ.

"ಏನೇ ಅದು ನೀನು ಓದ್ತಿರೋದು?" ಎಂದು ಅಪ್ಪ ಒಮ್ಮೆ ಕೇಳಿದ್ದ.

"ರಿಗ್ರೆಷನ್ ಅಂತ, ಅಪ್ಪ. ಕನ್ನಡದಲ್ಲಿ ಹಿಂಚಲನೆ ಅಂತಾರೆ."

"ಅಂದ್ರೆ ರಿವರ್ಸ್ ಗೇರು. ಅದನ್ನ ಕಲಿಯೋಕೆ ಎರಡು ವರ್ಷ ಬೇಕಾ? ನಾನು ಒಂದೇ ದಿನದಲ್ಲಿ ಕಲಿತಿದ್ದೆ!"

ಪ್ರಬಂಧಕ್ಕೆ ಅವಳು ಬೇರೆಲ್ಲೂ ಹುಡುಕಲಿಲ್ಲ, ತನ್ನ ರೋಗಿಗಳನ್ನೇ ಆರಿಸಿಕೊಂಡಳು. ಪಾರ್ಶ್ವವಾಯು ಬಡಿದು ಆರು ತಿಂಗಳಾದ ಮೇಲೆ ಒಬ್ಬ ಮನುಷ್ಯ ಎಷ್ಟು ದೂರ ನಡೆಯಬಲ್ಲ ಎಂಬುದನ್ನು ಮೊದಲೇ ಅಂದಾಜು ಮಾಡಲಾದೀತೇ ಎಂಬುದು ಪ್ರಶ್ನೆ. ವಯಸ್ಸು, ಮೊದಲ ವಾರ ಕಾಲಿನಲ್ಲಿದ್ದ ಶಕ್ತಿ, ಎಷ್ಟು ಸಲ ವ್ಯಾಯಾಮಕ್ಕೆ ಬಂದರು, ಇವೆಲ್ಲವನ್ನೂ ಕಂಪ್ಯೂಟರಿಗೆ ತುಂಬಿದಾಗ ಉತ್ತರ ಚೆನ್ನಾಗಿಯೇ ಬಂತು. ಹೆಚ್ಚು ಸಲ ವ್ಯಾಯಾಮ ಮಾಡಿದವರು ಹೆಚ್ಚು ದೂರ ನಡೆದಿದ್ದರು. ನಕ್ಷೆಯಲ್ಲಿ ಗೆರೆ ಮೇಲಕ್ಕೆ ಏರಿತ್ತು.

ಆ ಖುಷಿಯಲ್ಲಿ ಊಟದ ಹೊತ್ತಿಗೆ ಮನೆಯಲ್ಲೂ ಹೇಳಿಬಿಟ್ಟಳು. ಅಣ್ಣ ತಟ್ಟೆ ಪಕ್ಕಕ್ಕಿಟ್ಟ. "ಕೇಳಿದ್ರಾ ಅಪ್ಪ? ಎಷ್ಟು ಮಾಡಿದ್ರೆ ಅಷ್ಟು ನಡೀಬಹುದಂತೆ. ನಾಳೆಯಿಂದ ಬೆಳಗ್ಗೆ, ಸಂಜೆ ಎರಡು ಹೊತ್ತೂ. ನೆಪ ಹೇಳಂಗಿಲ್ಲ."

ಮರುದಿನದಿಂದ ನಡುಮನೆಯ ಉದ್ದಕ್ಕೂ ವಾಕರ್ ಎಳೆಯುವ ಸದ್ದು ಎರಡು ಹೊತ್ತೂ ಕೇಳಿಸತೊಡಗಿತು. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಅಕ್ಕ. ಅಪ್ಪನ ಬಲಗಾಲು ಒದ್ದೆ ಚೀಲದ ಹಾಗೆ ಹಿಂದೆ ಹಿಂದೆ ಬರುತ್ತಿತ್ತು.

ಅವಳ ಪ್ರಬಂಧ ನೋಡುತ್ತಿದ್ದ ಪ್ರೊಫೆಸರಮ್ಮನಿಗೆ ಹುಡುಗರು ಶೇಷಮ್ಮ ಎಂದು ಹೆಸರಿಟ್ಟಿದ್ದರು. ಗೆರೆ ಎಷ್ಟೇ ಚಂದವಿರಲಿ, ಆಕೆ ಮೊದಲು ಕೇಳುವುದು "ಶೇಷ ಎಲ್ಲಿ?" ಎಂದು. ಗೆರೆಗೆ ಒಗ್ಗದೆ ಉಳಿದದ್ದು ಆಕೆಗೆ ಬೇಕು. ಪುಟ್ಟಿಯ ಹಾಳೆಗಳನ್ನು ತಿರುವಿ ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಶೇಷ ಪರವಾಗಿಲ್ಲ. ಆದ್ರೆ ನಿಮ್ಮಲ್ಲಿಗೆ ಬರೋದನ್ನ ಅರ್ಧಕ್ಕೆ ಬಿಟ್ಟವರು ಇರ್ಬೇಕಲ್ಲ, ಅವರೆಲ್ಲಿ?"

"ಅವರು ಆರು ತಿಂಗಳ ಪರೀಕ್ಷೆಗೆ ಬರಲಿಲ್ಲ ಮೇಡಂ. ಅದಕ್ಕೆ ಸೇರಿಸಿಲ್ಲ."

"ಬಂದವರನ್ನಷ್ಟೇ ಕೇಳಿದ್ರೆ ಮದುವೆ ಮನೆ ಊಟ ಎಲ್ಲರಿಗೂ ಹಿಡಿಸಿತು ಅಂತಾನೇ ಆಗುತ್ತೆ. ಎದ್ದು ಹೋದವರನ್ನ ಕೇಳಬೇಕಮ್ಮ. ಹುಡುಕಿ."

ಪುಟ್ಟಿ ಎದ್ದು ನಿಂತಳು. ಕಣ್ಣಲ್ಲಿ ನೀರು ಬಂತು. ದುಃಖದಿಂದಲ್ಲ, ಬರಿಯ ಸುಸ್ತಿನಿಂದ. ಶೇಷಮ್ಮ ಅದನ್ನು ನೋಡಿದಳು. "ಕೂತ್ಕೊಂಡು ಒಂದು ಲೋಟ ಚಹಾ ಕುಡೀರಿ" ಎಂದಳೇ ಹೊರತು, ಹೇಳಿದ ಮಾತು ಹಿಂತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯ ಒಪ್ಪಿಗೆ ಪಡೆದು, ಊಟದ ಬಿಡುವಿನಲ್ಲಿ ಫೋನು ಹಚ್ಚಿ ಕೂತಳು. ಕೆಲವು ನಂಬರು ಬದಲಾಗಿದ್ದವು. ಒಬ್ಬ ಕೊಳಾಯಿ ಕೆಲಸದವನು ನಗುತ್ತಲೇ ಮಾತಾಡಿದ. "ನಡೆಯೋದಾ? ಏಣಿ ಹತ್ತಿ ನಿಂತಿದೀನಿ ಮೇಡಂ, ಬೇಗ ಹೇಳಿ. ಕಾಲು ಸರಿ ಹೋಯ್ತು, ಕೆಲಸ ಕರೀತು, ನಿಮ್ಮ ಹತ್ರ ಬಂದು ಏನ್ ಮಾಡ್ಲಿ?" ಅಂಥವರು ಇನ್ನೂ ಹಲವರಿದ್ದರು. ಒಂದು ಮನೆಯಲ್ಲಿ ಹೆಂಗಸೊಬ್ಬಳು ಫೋನು ತೆಗೆದು, "ಅವರು ತೀರಿಕೊಂಡರಮ್ಮ. ಪರವಾಗಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು? ನೀವಾದ್ರೂ ಕೇಳಿದ್ರಲ್ಲ" ಎಂದಳು. ಆ ದಿನ ಪುಟ್ಟಿ ಮತ್ತೆ ಯಾರಿಗೂ ಫೋನು ಮಾಡಲಿಲ್ಲ.

ಒಪ್ಪಿದವರ ಮನೆಗೆ ರಜಾ ದಿನಗಳಲ್ಲಿ ಅಳತೆಯ ಟೇಪು ಹಿಡಿದು ತಾನೇ ಹೋದಳು. ಹಾಗೆ ಹೋದ ಮನೆಗಳಲ್ಲಿ ಒಂದು, ಟೀಚರಮ್ಮನದು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದಾಕೆ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು, ಎಡಗೈ ಒಂದರಲ್ಲೇ ಬಟಾಣಿ ಸುಲಿಯುತ್ತಿದ್ದಳು. ಬಟ್ಟಲು ಜಾರದಂತೆ ತೊಡೆಯ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡಿದ್ದಳು.

"ಎಷ್ಟು ದೂರ ನಡೀತೀರಿ ಅಂತ ಅಳೀಬೇಕಿತ್ತು, ಟೀಚರ್."

"ಸೊನ್ನೆ ಅಂತ ಬರ್ಕೋ. ಅಳೆಯೋ ಕಷ್ಟ ಬೇಡ."

"ಮೂರು ತಿಂಗಳು ತಪ್ಪದೇ ಬರ್ತಿದ್ರಿ. ಒಮ್ಮೆಲೇ ಯಾಕೆ ಬಿಟ್ರಿ?"

"ಎಲ್ಲರೂ ಸೋತು ಬಿಟ್ಟೆ ಅಂದ್ಕೊಂಡಿದಾರೆ. ಸೋತಿದ್ದಲ್ಲ ಕಣಮ್ಮ, ಸಾಕಾಗಿದ್ದು. ದಿನದ ಶಕ್ತಿಯೆಲ್ಲ ನಾಲ್ಕು ಹೆಜ್ಜೆಗೆ ಸುರಿದು, ಉಳಿದ ಹೊತ್ತು ಹೆಣದ ಹಾಗೆ ಮಲಗ್ತಿದ್ದೆ. ಮೊಮ್ಮಗಳು ಪಕ್ಕದಲ್ಲಿ ಕೂತು ಮಾತಾಡಿದ್ರೆ ಕಿವಿಗೆ ಬೀಳ್ತಿರಲಿಲ್ಲ. ಈಗ ಕೂತಿದೀನಿ. ಕೇಳಿಸ್ಕೊತೀನಿ." ಬಟಾಣಿಯ ಸಿಪ್ಪೆ ಒಂದನ್ನು ಎಸೆದು ಕೇಳಿದಳು: "ನಿನಗೆ ಕೂರೋಕೆ ಪುರುಸೊತ್ತಿಲ್ವಾ? ಮುಖ ನೋಡಿದ್ರೆ ನನಗಿಂತ ನಿನಗೇ ಸುಸ್ತಾದ ಹಾಗಿದೆ."

ಅವರನ್ನೆಲ್ಲ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಗೆರೆಯ ಏರು ತಗ್ಗಿತು. ವ್ಯಾಯಾಮದಿಂದ ಉಪಯೋಗವಿತ್ತು, ಆದರೆ ಅವಳು ಮನೆಯಲ್ಲಿ ಹೇಳಿದಷ್ಟಲ್ಲ. ಮೊದಲ ವಾರವೇ ಕಾಲಿನಲ್ಲಿ ಶಕ್ತಿ ಉಳಿದವರು ಬಂದರೂ ನಡೆದರು, ಬಿಟ್ಟರೂ ನಡೆದರು. ಶಕ್ತಿ ಪೂರಾ ಹೋದವರಲ್ಲಿ ಹೆಚ್ಚಿನವರು ಎಷ್ಟೇ ತಿಣುಕಿದರೂ ಮಂಚದಿಂದ ಬಚ್ಚಲವರೆಗೆ. ಮೊದಲ ವಾರ ಅಪ್ಪನ ಬಲಗಾಲಿನ ಬೆರಳೂ ಅಲ್ಲಾಡಿರಲಿಲ್ಲ. ಪುಟ್ಟಿ ಕಂಪ್ಯೂಟರ್ ಆರಿಸಿ, ಪ್ರಯೋಗಾಲಯದ ಮೇಜಿನ ಮೇಲೆ ತಲೆಯಿಟ್ಟಳು. ಅಳು ಬರಲಿಲ್ಲ, ನಿದ್ದೆಯೂ ಬರಲಿಲ್ಲ.

ಮನೆಯಲ್ಲಿ ಹೇಗೆ ಹೇಳುವುದೆಂದು ದಿನ ದೂಡಿದಳು. ಅಷ್ಟರಲ್ಲಿ ಒಂದು ಬೆಳಗ್ಗೆ ಅಪ್ಪ ಬಿದ್ದ. ನಡುಮನೆಯಲ್ಲಿ ವಾಕರ್ ಓರೆಯಾಗಿ, ಗೋಡೆಗೆ ಒರಗುತ್ತ ಜಾರಿದ. ತಲೆಗೆ ಪೆಟ್ಟು ಬೀಳದಂತೆ ಅಕ್ಕ ಅಡ್ಡ ಬಂದಳು. ಅಪ್ಪನ ಭಾರವೆಲ್ಲ ಅವಳ ಮೇಲೆ ಬಿತ್ತು. ಅಪ್ಪನಿಗೆ ಏನೂ ಆಗಲಿಲ್ಲ. ಅಕ್ಕನ ಸೊಂಟ ಹಿಡಿದುಕೊಂಡಿತು. ಇಬ್ಬರನ್ನೂ ಎಬ್ಬಿಸಿ, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದರು.

ಅಣ್ಣನ ಮುಖ ಬಿಳುಚಿತ್ತು. ಆದರೂ, "ಸಂಜೆಗೆ ಇನ್ನೂ ನಿಧಾನವಾಗಿ ಮಾಡೋಣ" ಎಂದ.

"ಅಣ್ಣ, ಸಾಕು" ಎಂದಳು ಪುಟ್ಟಿ.

"ನೀನೇ ತಾನೇ ಹೇಳಿದ್ದು, ಮಾಡಿದಷ್ಟೂ ಒಳ್ಳೇದು ಅಂತ?"

"ಹೇಳಿದ್ದೆ. ಅದು ತಪ್ಪು ಲೆಕ್ಕ. ನಡೆಯೋಕೆ ಆಗದೇ ಬಿಟ್ಟವರನ್ನೂ ಸೇರಿಸಿರಲಿಲ್ಲ, ಬೇಗ ವಾಸಿಯಾಗಿ ಹೋದವರನ್ನೂ ಸೇರಿಸಿರಲಿಲ್ಲ."

ಅಪ್ಪ ತಲೆಯೆತ್ತಿದ. "ಹಾಗಾದ್ರೆ ಹೊಸ ಲೆಕ್ಕದಲ್ಲಿ ನಾನೆಲ್ಲಿದೀನಿ, ಪುಟ್ಟಿ?"

ಅವಳು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು. "ನಿಮ್ಮಂಥವರು ಯಾರಾದ್ರೂ ಹಿಡ್ಕೊಂಡ್ರೆ ಬಚ್ಚಲವರೆಗೆ ಹೋಗ್ತಾರೆ, ಅಪ್ಪ. ಒಬ್ಬರೇ ಬೀದಿಗೆ ಇಳಿದು ನಡೆದವರು ತೀರಾ ಕಡಿಮೆ."

"ಕಡಿಮೆ ಅಂದ್ರೆ ಇದಾರೆ ಅಂತ ತಾನೇ?" ಎಂದ ಅಣ್ಣ.

"ಇದಾರೆ. ಇಲ್ಲ ಅನ್ನಲ್ಲ. ಅಪ್ಪನೂ ಅವರಲ್ಲೊಬ್ಬರು ಆಗಬಾರದು ಅಂತೇನಿಲ್ಲ. ಆದ್ರೆ ಅದನ್ನ ನಂಬ್ಕೊಂಡು ಅಕ್ಕನ ಸೊಂಟ ಮುರಿಯೋದು ಬೇಡ."

"ಮಗಳಾಗಿ ಹೆತ್ತಪ್ಪನ ಮುಖ ನೋಡಿ ಇಂಥ ಮಾತು ಹೇಳೋಕೆ ಬಾಯಾದ್ರೂ ಹೇಗೆ ಬಂತು ನಿನಗೆ?"

"ಏ, ಸುಮ್ನಿರೋ" ಎಂದ ಅಪ್ಪ. ದನಿ ಏರಿರಲಿಲ್ಲ. "ಕೇಳಿದ್ದು ನಾನು, ಅವಳು ಹೇಳಿದ್ಲು. ನಾನು ಜೀವಮಾನ ಎಲ್ಲ ಕೂತೇ ದುಡಿದೋನು ಕಣಯ್ಯ. ನಿಮ್ಮೂವರನ್ನೂ ಕೂತೇ ಸಾಕಿದ್ದು. ಈಗ ಮುದುಕನಾದ್ಮೇಲೆ ನಡಿ ನಡಿ ಅಂತ ಪ್ರಾಣ ತಿಂತೀರಲ್ಲ!" ನಗಲು ನೋಡಿದ, ಬಾಯಿಯ ಒಂದೇ ಬದಿ ಎದ್ದಿತು. ಆಮೇಲೆ ಮೆಲ್ಲಗೆ, "ನಿಮಗೆ ಬೇಜಾರಾಗುತ್ತೆ ಅಂತ ನಡೀತಿದ್ದೆ ಅಷ್ಟೇ" ಎಂದ.

ಚಾಪೆಯ ಮೇಲಿನಿಂದ ಅಕ್ಕ, "ನಾನೂ ನಿಮಗೆ ಬೇಜಾರಾಗುತ್ತೆ ಅಂತಾನೇ ಹಿಡ್ಕೊತಿದ್ದೆ" ಎಂದಳು. ನಕ್ಕಳೋ ಅತ್ತಳೋ, ಮುಖ ಗೋಡೆಯ ಕಡೆಗಿತ್ತು.

ಅಣ್ಣ ಆ ವಾರವೆಲ್ಲ ಪುಟ್ಟಿಯ ಜೊತೆ ಮಾತು ಬಿಟ್ಟ. ಅವಳು ಬಡಿಸಿದರೆ ಉಣ್ಣುತ್ತಿರಲಿಲ್ಲ, ತಾನೇ ಬಡಿಸಿಕೊಳ್ಳುತ್ತಿದ್ದ. ಆದರೆ ರಜಾ ದಿನ ಬೆಳಗ್ಗೆಯೇ ಮರಳು, ಸಿಮೆಂಟು ತರಿಸಿ, ಅಪ್ಪನಿಗೆಂದು ತಂದ ಗಾಲಿಕುರ್ಚಿ ಇಳಿಯುವಂತೆ ಮುಂಬಾಗಿಲಿನ ಮೆಟ್ಟಿಲಿನ ಮೇಲೆ ತಾನೇ ಇಳಿಜಾರು ಕಟ್ಟಲು ಕೂತ. ಗುಮಾಸ್ತನ ಕೈಯ ಗಾರೆ ಕೆಲಸ! ಅದು ಎಷ್ಟು ಕಡಿದಾಯಿತೆಂದರೆ, ಖಾಲಿ ಕುರ್ಚಿ ಇಟ್ಟು ನೋಡಿದಾಗ ಬಿಟ್ಟ ಬಾಣದ ಹಾಗೆ ಗೇಟಿಗೆ ಹೋಗಿ ಬಡಿಯಿತು. ಒಳಗಿನಿಂದ ನೋಡುತ್ತಿದ್ದ ಅಪ್ಪ, "ಬ್ರೇಕ್ ಇಲ್ಲದ ಗಾಡಿ ನಾನು ಓಡಿಸಲ್ಲಪ್ಪ" ಎಂದ. ಒಡೆದು ಮತ್ತೆ ಕಟ್ಟಬೇಕಾಯಿತು. ಎರಡನೆಯ ಸಲ ಪುಟ್ಟಿ ಹಲಗೆ ಹಿಡಿದು ನಿಂತಳು. "ಇನ್ನೂ ಸ್ವಲ್ಪ ತಗ್ಗಿಸು" ಎಂದಳು. ಅಣ್ಣ ತಗ್ಗಿಸಿದ. ಅಷ್ಟೇ, ಮಾತು ಮತ್ತೆ ಶುರುವಾಯಿತು.

ವ್ಯಾಯಾಮ ಪೂರಾ ನಿಲ್ಲಲಿಲ್ಲ. ಬೆಳಗ್ಗೆ ಒಮ್ಮೆ, ಬಚ್ಚಲವರೆಗೆ, ಪುಟ್ಟಿಯೇ ಹಿಡಿದು ನಡೆಸುತ್ತಿದ್ದಳು. ಮಿಕ್ಕ ಹೊತ್ತು ಅಪ್ಪ ಕುರ್ಚಿಯಲ್ಲೇ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕ, ಒಬ್ಬ ರೋಗಿ ಇಷ್ಟರಿಂದ ಇಷ್ಟು ದೂರ ನಡೆಯಬಹುದು ಎಂಬ ನಿಮ್ಮ ಅಂದಾಜಿನ ಅಂತರ ಇಷ್ಟು ಅಗಲವಿದ್ದರೆ ಯಾರಿಗೆ ಏನು ಪ್ರಯೋಜನ ಎಂದು ಕೆಣಕಿದ. ಪುಟ್ಟಿಗೆ ಜಾಣತನದ ಉತ್ತರ ಹೊಳೆಯಲಿಲ್ಲ. "ಇಷ್ಟೇ ಗೊತ್ತು ಸರ್. ಇದಕ್ಕಿಂತ ಕಿರಿದು ಮಾಡಿ ತೋರಿಸಿದರೆ ಸುಳ್ಳಾಗುತ್ತೆ" ಎಂದಳು. ಶೇಷಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಪಾಸಾಯಿತು, ಎರಡನೇ ದರ್ಜೆಯಲ್ಲಿ. ಹೊರಗೆ ಬಂದಾಗ ಶೇಷಮ್ಮ ಭುಜ ತಟ್ಟಿ, "ಹೋಗಿ ಮಲಗಿ" ಎಂದಳು.

ಮನೆಗೆ ಬಂದಾಗ ನಡುಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಅಣ್ಣ ರಜೆ ಹಾಕಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಸ್ ಡಿಪೋ ತೋರಿಸಲು ಹೋಗಿದ್ದಾನೆಂದು ಪಕ್ಕದ ಮನೆಯಾಕೆ ಹೇಳಿದಳು. ಒಳಗೆ ಅಕ್ಕ ಅಪ್ಪನ ಮಂಚದ ಮೇಲೆ ಅಡ್ಡಾಗಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಪುಟ್ಟಿ ನೋಡಿ ಕಾಲವಾಗಿತ್ತು. ಚಪ್ಪಲಿ ಬಿಟ್ಟು, ಚೀಲವನ್ನು ನೆಲಕ್ಕಿಟ್ಟು, ಸದ್ದಾಗದಂತೆ ಪಕ್ಕದಲ್ಲಿ ಮೈ ಚಾಚಿದಳು.

ಅಕ್ಕ ಕಣ್ಣು ತೆರೆಯದೇ ಸರಿದು ಜಾಗ ಕೊಟ್ಟಳು. "ಏನಾಯ್ತೇ?"

"ಪಾಸಾಯ್ತು."

"ಹೂಂ" ಎಂದು ಅಕ್ಕ ಅವಳ ಮೇಲೆ ಕೈ ಹಾಕಿದಳು. ಆಮೇಲೆ ಇಬ್ಬರಿಗೂ ನಿದ್ದೆ ಬಂತು.